ಹಗಲಿಗಷ್ಟೇ ತೆರೆಯುವ ಪೇಟೆ ಸಾಲದು



ಒಂದು ನಗರದ ವ್ಯಾಪಾರ ಕೇಂದ್ರ ಹೇಗಿದೆ ಎಂದು ತಿಳಿಯಬೇಕೆ? ಹಾಗಾದರೆ ಅಲ್ಲಿಗೆ ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಒಂಬತ್ತಕ್ಕೆ ಹೋಗಿ, ಇಲ್ಲವೇ ಭಾನುವಾರ ಮಧ್ಯಾಹ್ನ ಹೋಗಿ. ಕಾರು ಬೇಡ, ಬಸ್ಸಿನಲ್ಲಿ ಇಳಿಯಿರಿ. ಜೇಬಿನಲ್ಲಿ ಐವತ್ತು ರೂಪಾಯಿ ಮಾತ್ರ ಇರಲಿ. ಮಂಡಿನೋವಿನ ಅಜ್ಜಿ ಒಬ್ಬರನ್ನೂ ಕೈಹಿಡಿದು ನಡೆಯುವ ಮಗುವೊಂದನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಜ್ಜಿಗೆ ಕೂರಲು ಒಂದು ಕಟ್ಟೆ ಸಿಗುತ್ತದೆಯೆ? ಮಗು ಅವಸರ ಮಾಡಿದರೆ ಶೌಚಾಲಯ ಎಲ್ಲಿದೆ? ಐವತ್ತು ರೂಪಾಯಿಯಲ್ಲಿ ಮೂವರೂ ಏನಾದರೂ ತಿನ್ನಬಹುದೆ? ಬಾಗಿಲು ತೆರೆದ ಅಂಗಡಿ ಒಂದಾದರೂ ಉಂಟೆ? ಮನೆಗೆ ಮರಳಲು ಬಸ್ಸು ಇದೆಯೆ? ಈ ನಾಲ್ಕೈದು ಪ್ರಶ್ನೆ ಕೇಳಿದರೆ ಸಾಕು, ಆ ಜಾಗವನ್ನು ಯಾರಿಗಾಗಿ ಕಟ್ಟಿದ್ದಾರೆ ಎಂಬುದು ಗೊತ್ತಾಗಿಬಿಡುತ್ತದೆ.

ನಾಳಿನ ನಗರಗಳ ವ್ಯಾಪಾರ ಕೇಂದ್ರಗಳು ಹೇಗಿರಬೇಕು ಎಂಬುದು ಇವತ್ತಿನ ಮಾತಿನ ವಿಷಯ. ಬೆಂಗಳೂರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ವ್ಯಾಪಾರ ಕೇಂದ್ರದ ಮೂರು ತಲೆಮಾರು ಈ ಒಂದೇ ಊರಿನಲ್ಲಿವೆ: ಪೇಟೆ, ದಂಡು ಮತ್ತು ಟೆಕ್ ಪಾರ್ಕು. ಮೂರೂ ಇವತ್ತಿಗೂ ದುಡಿಯುತ್ತಿವೆ. ಮೂರರಲ್ಲೂ ಕಲಿಯುವುದಿದೆ, ಮೂರರಲ್ಲೂ ಬಿಡಬೇಕಾದದ್ದಿದೆ.

ಮೊದಲು ಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ನಾವು ಓದಿಕೊಂಡು ಬಂದ ಊರು ಇದು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಅಂದರೆ ಇವತ್ತಿನ ಅವೆನ್ಯೂ ರಸ್ತೆ. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಇವೆರಡರ ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಕೆಳಗೆ ಅಂಗಡಿ, ಹಿಂದೆ ಮಗ್ಗ ಇಲ್ಲವೇ ಕುಲುಮೆ, ಮೇಲೆ ಸಂಸಾರ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಯಜಮಾನನಿಗೆ ಅಡುಗೆಮನೆಯ ಒಗ್ಗರಣೆ ವಾಸನೆ ತಟ್ಟುವಷ್ಟು ಹತ್ತಿರದಲ್ಲಿ ಮನೆ. ಬೀದಿಯ ಕೊನೆಗೆ ಗುಡಿ, ಇನ್ನೊಂದು ಮಗ್ಗುಲಲ್ಲಿ ದರ್ಗಾ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುತ್ತದೆ. ಇಡೀ ಪೇಟೆ ಬೆಳಗಾಗುವವರೆಗೆ ಕಣ್ಣುಮುಚ್ಚುವುದಿಲ್ಲ.

ಕರಗದ ರಾತ್ರಿ ವರ್ಷಕ್ಕೊಮ್ಮೆ. ಆದರೆ ಪೇಟೆಯ ನಿತ್ಯದ ದಿನಚರಿಯೂ ಗಡಿಯಾರದ ಎಲ್ಲ ಗಂಟೆಗಳಿಗೂ ಹಂಚಿಕೊಂಡಿದೆ. ಕೆ.ಆರ್. ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ಹೂವಿನ ಮೂಟೆಗಳು ಬಂದು ಇಳಿಯುತ್ತವೆ. ಕನಕಾಂಬರ, ಸೇವಂತಿಗೆ, ಮಲ್ಲಿಗೆ ತೂಗಿ ಮಾರಿ ಮುಗಿಯುವ ಹೊತ್ತಿಗೆ ತರಕಾರಿಯವರ ಸದ್ದು ಏರಿರುತ್ತದೆ. ಹತ್ತು ಗಂಟೆಗೆ ಚಿಕ್ಕಪೇಟೆಯ ಸೀರೆ ಅಂಗಡಿಗಳ ಶಟರು ಮೇಲೇಳುತ್ತವೆ. ಸಂಜೆ ಬೀದಿಬದಿಯ ವ್ಯಾಪಾರ, ರಾತ್ರಿ ಲಾರಿಗೆ ಸರಕು ಏರಿಸುವ ಹಮಾಲರ ಕೂಗು. ಒಂದೇ ಅಡಿ ನೆಲ ಒಂದೇ ದಿನದಲ್ಲಿ ನಾಲ್ಕು ಜನರ ಹೊಟ್ಟೆ ಹೊರೆಯುತ್ತದೆ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನಲ್ಲಿ ಬೀದಿದೀಪ ಹೊತ್ತಿದಾಗ, ಅದರ ಬೆಳಕು ಮೊದಲು ಬಿದ್ದದ್ದು ಈ ಮಾರುಕಟ್ಟೆಯ ಆಸುಪಾಸಿನಲ್ಲೇ. ದೀಪದ ಕೆಳಗೆ ಮಾಡಲು ಅಲ್ಲಿ ಕೆಲಸವಿತ್ತು.

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ನಗರಗಳ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನೇ ವಾದ ಮಾಡಿ ತೋರಿಸಿದರು. ಬೀದಿ ಜೀವಂತವಾಗಿರಬೇಕಾದರೆ ಬೇರೆ ಬೇರೆ ಕೆಲಸದ ಜನ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಓಡಾಡಬೇಕು. ಅಡ್ಡರಸ್ತೆಗಳು ಹತ್ತಿರ ಹತ್ತಿರ ಇರಬೇಕು. ಹಳೆಯ ಕಟ್ಟಡಗಳು ಹೊಸದರ ನಡುವೆ ಉಳಿದಿರಬೇಕು. ಜನ ಒತ್ತಾಗಿ ಇರಬೇಕು. ಅಂಗಡಿಯವ, ಕಿಟಕಿಯಲ್ಲಿ ನಿಂತ ಮುದುಕಿ, ಟೀ ಕುಡಿಯುತ್ತ ನಿಂತವರು, ಇವರ ಕಣ್ಣುಗಳೇ ಬೀದಿಗೆ ಕಾವಲು ಎಂದರು. ಅವರು ನ್ಯೂಯಾರ್ಕಿನ ಗ್ರೀನಿಚ್ ವಿಲೇಜನ್ನು ನೋಡಿ ಬರೆದರು. ಅವರು ಹೇಳಿದ ನಾಲ್ಕೂ ಲಕ್ಷಣ ನಮ್ಮ ಚಿಕ್ಕಪೇಟೆಯಲ್ಲಿ ಕಾಣಸಿಗುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಪೇಟೆಯನ್ನು ಹೊಗಳುವಾಗ ನಾವು ಒಂದು ವಿಷಯವನ್ನು ಸುಲಭವಾಗಿ ಮರೆಯುತ್ತೇವೆ. ಕುಂಬಾರರಿಗೊಂದು ಪೇಟೆ, ಗಾಣಿಗರಿಗೊಂದು, ತಿಗಳರಿಗೊಂದು ಎಂದು ಹಂಚಿದ ಆ ಬೀದಿಗಳಲ್ಲಿ ಕೆಲಸ ಮತ್ತು ಮನೆ ಬೆರೆತಿದ್ದವು, ಜಾತಿಗಳು ಬೆರೆತಿರಲಿಲ್ಲ. ಯಾರು ಯಾವ ಬೀದಿಯಲ್ಲಿ ಇರಬಹುದು, ಯಾರು ಯಾವ ಜಗಲಿಯವರೆಗೆ ಬರಬಹುದು ಎಂಬುದಕ್ಕೆ ಬರೆಯದ ಕಟ್ಟಳೆಗಳಿದ್ದವು. ಪೇಟೆ ಮಿಶ್ರವಾಗಿತ್ತು, ಎಲ್ಲರದಾಗಿರಲಿಲ್ಲ. ಇವತ್ತಿನ ನನ್ನ ಮಾತಿನ ತಿರುಳೂ ಇದೇ: ಒಂದು ಜಾಗದಲ್ಲಿ ನಾನಾ ಬಗೆಯ ಕೆಲಸ ಬೆರೆಸುವುದು ಬೇರೆ, ಆ ಜಾಗವನ್ನು ಎಲ್ಲರಿಗೂ ತೆರೆಯುವುದು ಬೇರೆ. ಮೊದಲನೆಯದನ್ನು ಮಾರುಕಟ್ಟೆಯೇ ಮಾಡಿಬಿಡುತ್ತದೆ. ಎರಡನೆಯದು ತಾನಾಗಿ ಆಗುವುದಿಲ್ಲ. ಅದಕ್ಕೆ ಕಾನೂನು, ಹಣ ಮತ್ತು ನಕ್ಷೆ ಮೂರೂ ಬೇಕು.

ಈಗ ದಂಡಿಗೆ ಬರೋಣ. 1809ರಲ್ಲಿ ಬ್ರಿಟಿಷರ ಸೈನ್ಯ ಪೇಟೆಯ ಪೂರ್ವಕ್ಕೆ ಬೀಡುಬಿಟ್ಟಿತು. ಪರೇಡ್ ಮೈದಾನದ ಬದಿಯ ರಸ್ತೆ ಸೌತ್ ಪರೇಡ್ ಆಯಿತು. ಅದೇ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಪೇಟೆಗೂ ದಂಡಿಗೂ ನಡುವೆ ಕಬ್ಬನ್ ಪಾರ್ಕು. ಎರಡು ಊರು, ಎರಡು ಪುರಸಭೆ, ಎರಡು ಬಗೆಯ ಅಂಗಡಿ. 1949ರಲ್ಲಿ ಎರಡನ್ನೂ ಕೂಡಿಸಿ ಒಂದು ನಗರಪಾಲಿಕೆ ಮಾಡಿದರು. ಕಾಗದದ ಮೇಲೆ ಗೆರೆ ಅಳಿಸಿತು, ಮನಸ್ಸಿನಲ್ಲಿ ಬೇಗ ಅಳಿಸಲಿಲ್ಲ. ಬಸವನಗುಡಿಯವರಿಗೆ ಎಂ.ಜಿ. ರಸ್ತೆ ಎಷ್ಟೋ ಕಾಲ ನೋಡಿಬರುವ ಜಾಗವಾಗಿತ್ತೇ ಹೊರತು ಸಾಮಾನು ಕೊಳ್ಳುವ ಜಾಗವಾಗಿರಲಿಲ್ಲ.

1898ರ ಪ್ಲೇಗು ಮತ್ತೊಂದು ಪಾಠ ಕಲಿಸಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು. ಗಾಳಿ ಬೆಳಕಿಗಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಮನೆಗಳು ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ, ಹೊಗೆಯುಗುಳುವ ಕಾರ್ಖಾನೆ ಊರಾಚೆ. ಆ ಕಾಲಕ್ಕೆ ಇದು ವಿವೇಕದ ನಿರ್ಧಾರವೇ. ರೋಗ ಮತ್ತು ಹೊಗೆಯಿಂದ ಮನೆಗಳನ್ನು ಕಾಯಬೇಕಿತ್ತು. ಆದರೆ ಕಾರಣ ಹೋದ ಮೇಲೂ ಪದ್ಧತಿ ಉಳಿಯಿತು. ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ. ಆದರೂ ಅದನ್ನು ಕಾರ್ಖಾನೆಯ ಹಾಗೆ ಊರಾಚೆ ಕಳಿಸಿ, ಸುತ್ತ ಕಾಂಪೌಂಡು ಕಟ್ಟಿದೆವು.

1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟಾಗ, ಹಲವರಿಗೆ ಅದು ಹುಚ್ಚು ಸಾಹಸದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಸಾಹಸ ಗೆದ್ದಿತು. ಆಮೇಲೆ ವೈಟ್‌ಫೀಲ್ಡು, ಆಮೇಲೆ ಹೊರವರ್ತುಲ ರಸ್ತೆ. ಲಕ್ಷಾಂತರ ಜನಕ್ಕೆ ಕೆಲಸ ಸಿಕ್ಕಿತು. ಆ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಅಗತ್ಯ ಯಾರಿಗೂ ಇಲ್ಲ. ಆದರೆ ಅಲ್ಲಿ ಕಟ್ಟಿದ್ದು ಕಚೇರಿಗಳನ್ನು, ಪೇಟೆಯನ್ನಲ್ಲ. ಮುಹೂರ್ತದ ಹೊತ್ತಿಗೆ ಕಾಲಿಡಲು ಜಾಗವಿಲ್ಲದೆ, ಮಾರನೆಯ ದಿನ ಬೀಗ ಹಾಕಿಕೊಂಡು ನಿಲ್ಲುವ ಕಲ್ಯಾಣಮಂಟಪದ ಹಾಗಾಯಿತು ಆ ಪ್ರದೇಶ.

ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರಟರೆ ಎರಡು ಲೋಕ ಅಕ್ಕಪಕ್ಕ ಕಾಣುತ್ತವೆ. ಒಂದು, ಗಾಜಿನ ಕಟ್ಟಡಗಳು, ಅವುಗಳ ಮುಂದೆ ಫರ್ಲಾಂಗುಗಟ್ಟಲೆ ಕುರುಡು ಗೋಡೆ, ಗೋಡೆಗೊಂದು ಗೇಟು, ಗೇಟಿಗೆ ಗುರುತಿನ ಚೀಟಿ. ಇನ್ನೊಂದು, ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ, ಮಾರತ್ತಹಳ್ಳಿಯ ಹಳೆಯ ಊರಿನ ಗಲ್ಲಿಗಳು. ಪಿ.ಜಿ.ಗಳು, ಮೆಸ್ಸುಗಳು, ದರ್ಜಿಯಂಗಡಿ, ಮೊಬೈಲು ರಿಪೇರಿ, ಕೋಳಿ ಅಂಗಡಿ, ಕಾವಲುಗಾರರು ಐದಾರು ಜನ ಸೇರಿ ಹಿಡಿದ ಒಂಟಿ ಕೋಣೆ, ಎಲ್ಲ ಅಲ್ಲಿ. ನಕ್ಷೆ ಮಾಡಿದವರು ಮರೆತ ಪ್ರತಿಯೊಂದನ್ನೂ ಆ ಹಳ್ಳಿಗಳು ತಮಗೆ ತಿಳಿದ ಹಾಗೆ ಒದಗಿಸಿಕೊಟ್ಟವು. ಅದನ್ನು ನಾವು ಅಸ್ತವ್ಯಸ್ತ ಎನ್ನುತ್ತೇವೆ. ನನ್ನ ಲೆಕ್ಕದಲ್ಲಿ ಆ ಗಲ್ಲಿಗಳು ಇಲ್ಲದಿದ್ದರೆ ಗಾಜಿನ ಕಟ್ಟಡಗಳು ಒಂದು ವಾರವೂ ನಡೆಯುತ್ತಿರಲಿಲ್ಲ.

ಹೀಗೆ ಬೇರೆಬೇರೆಯಾಗಿ ಕಟ್ಟಿದ್ದಕ್ಕೆ ಬೆಲೆ ತೆತ್ತದ್ದನ್ನು ಎರಡು ಸಲ ಕಣ್ಣಾರೆ ಕಂಡೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕಚೇರಿಯ ಕೆಲಸ ಮನೆಗೆ ಹೋಯಿತು. ಕಚೇರಿಯನ್ನೇ ನಂಬಿದ್ದ ಇಡ್ಲಿಗಾಡಿ, ಕ್ಯಾಬು, ಜೆರಾಕ್ಸ್ ಅಂಗಡಿಗಳು ಎಲ್ಲಿಗೂ ಹೋಗುವಂತಿರಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಮನೆಗಳಿದ್ದ ಬೀದಿಗಳು ಬೇಗ ಚೇತರಿಸಿಕೊಂಡವು. ಬರೀ ಕಚೇರಿಗಳಿದ್ದ ಬೀದಿಗಳು ಕಾಯುತ್ತ ಕೂತವು. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಇದೇ ಕಥೆ. ಕೆನಡಾದ ಕ್ಯಾಲ್ಗರಿ ನಗರವಂತೂ 2021ರಿಂದ, ಖಾಲಿ ಬಿದ್ದ ಕಚೇರಿ ಕಟ್ಟಡಗಳನ್ನು ಮನೆಗಳಾಗಿ ಮಾರ್ಪಡಿಸುವವರಿಗೆ ಚದರಡಿಗೆ ಇಷ್ಟೆಂದು ಸಹಾಯಧನ ಕೊಡಲು ತೊಡಗಿತು. ಒಂದೇ ಬೆಳೆ ನಂಬಿದ ರೈತನ ಕಷ್ಟ ನಮ್ಮ ಜನಕ್ಕೆ ಗೊತ್ತು. ನಗರಕ್ಕೂ ಅದೇ ಕಷ್ಟ ಬರುತ್ತದೆ ಎಂಬುದು ಆಗ ಗೊತ್ತಾಯಿತು.

ಎರಡನೆಯದು 2022ರ ಸೆಪ್ಟೆಂಬರಿನ ಮಳೆ. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ರಾಜಕಾಲುವೆಗಳ ದಾರಿ ಮುಚ್ಚಿಹೋಗಿತ್ತು. ಹೊರವರ್ತುಲ ರಸ್ತೆ ಮುಳುಗಿತು. ಸಾಫ್ಟ್‌ವೇರ್ ಉದ್ಯೋಗಿಗಳು ಟ್ರಾಕ್ಟರಿನಲ್ಲಿ ನಿಂತು ಕೆಲಸಕ್ಕೆ ಹೋದ ಚಿತ್ರಗಳನ್ನು ಇಡೀ ದೇಶ ನೋಡಿತು. ಗೋಡೆ ಜನರನ್ನು ತಡೆದಿತ್ತು, ನೀರನ್ನು ತಡೆಯಲಿಲ್ಲ. ಕೆರೆ, ಕಾಲುವೆ, ಬಸ್ಸು, ಮನೆ ಇವನ್ನೆಲ್ಲ ಗೇಟಿನ ಹೊರಗಿನ ವಿಷಯ ಎಂದು ಬಿಟ್ಟರೆ ಗೇಟಿನ ಒಳಗಿನದೂ ನಿಲ್ಲುತ್ತದೆ.

ಹಾಗಾದರೆ ನಾಳೆಯ ಕೇಂದ್ರ ಹೇಗಿರಬೇಕು? ಕಟ್ಟಡ ಕಟ್ಟುವ ಕಂಪನಿಗಳ ಬಳಿ ಸಿದ್ಧ ಉತ್ತರವಿದೆ. ಮನೆ, ಮಾಲ್, ಕಚೇರಿ, ಶಾಲೆ, ಈಜುಕೊಳ ಎಲ್ಲ ಒಂದೇ ಆವರಣದಲ್ಲಿ. ಮನೆಯಿಂದ ಕೆಲಸಕ್ಕೆ ನಡೆದೇ ಹೋಗಿ ಎನ್ನುವ ಜಾಹೀರಾತು. ತಪ್ಪೇನಿಲ್ಲ. ಆದರೆ ಅಲ್ಲಿನ ಮನೆ ಕೊಳ್ಳುವವರು ಯಾರು, ಅಲ್ಲಿನ ಮನೆ ಗುಡಿಸುವವರು ಯಾರು? ಗುಡಿಸುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಪಾಳಿ ಬೆಳಗ್ಗೆ ಆರಕ್ಕೆ. ಹನ್ನೊಂದನೆಯ ಮಹಡಿ ಒರೆಸಬೇಕು. ಎರಡು ಬಸ್ಸು ಬದಲಿಸಿ ಬರುತ್ತಾಳೆ. 2023ರ ಜೂನಿನಿಂದ ಶಕ್ತಿ ಯೋಜನೆ ಅವಳ ಬಸ್ಸಿನ ಖರ್ಚು ಉಳಿಸಿತು, ಅದು ನಿಜವಾದ ಉಪಕಾರ. ಆದರೆ ಬಸ್ಸಿನಿಂದ ಇಳಿದು ಗೇಟಿನವರೆಗೆ ನಡೆಯುವ ದಾರಿಯಲ್ಲಿ ದೀಪವಿಲ್ಲ. ಆ ಆವರಣದ ಊಟದಂಗಡಿಯಲ್ಲಿ ಒಂದು ಊಟದ ಬೆಲೆ ಅವಳ ಅರ್ಧ ದಿನದ ಕೂಲಿ. ಮಗುವನ್ನು ಅಕ್ಕಪಕ್ಕದವರ ಬಳಿ ಬಿಟ್ಟು ಬಂದಿದ್ದಾಳೆ. ಮಾಲ್, ಮನೆ, ಕಚೇರಿ ಎಷ್ಟೇ ಬೆರೆತರೂ ಇವಳ ದಿನ ಹಗುರವಾಗದಿದ್ದರೆ ಆ ಬೆರಕೆ ಉಳ್ಳವರ ಅನುಕೂಲಕ್ಕೆ ಮಾತ್ರ. ಹಳೆಯ ಪೇಟೆಯ ಜಗಲಿಯ ಗೆರೆಯೇ ಹೊಸ ವೇಷದಲ್ಲಿ ಬಂದಂತಾಯಿತು.

ಆದ್ದರಿಂದ ವಿನ್ಯಾಸ ಶುರುವಾಗಬೇಕಾದದ್ದು ನೆಲಮಟ್ಟದಿಂದ. ಮೊದಲು ಕಾಲುದಾರಿ. ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೂ ದಾಟಬಹುದಾದ ಅಗಲ ಅದು. ಇಳಿಜಾರು ಹನ್ನೆರಡು ಅಡಿಗೆ ಒಂದಡಿಗಿಂತ ಕಡಿದಾಗಿರಬಾರದು. ಈ ಅಳತೆಗಳು ಅಂಗವಿಕಲರಿಗೆ ಮಾತ್ರ ಅಂತ ತಿಳಿಯಬೇಡಿ. ಮಂಡಿನೋವಿನ ಅಜ್ಜಿ, ಬಸುರಿ ಹೆಂಗಸು, ಕೈಗಾಡಿಯವನು, ಸೂಟ್‌ಕೇಸು ಎಳೆಯುವ ಪ್ರಯಾಣಿಕ, ಎಲ್ಲರೂ ಅದರ ಫಲಾನುಭವಿಗಳೇ.

ಬೆಂಗಳೂರು ಇದನ್ನು ಮಾಡಿ ತೋರಿಸಿದ್ದೂ ಉಂಟು. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮೊದಲಾದವನ್ನು ಅಗೆದು, ನೀರು, ಚರಂಡಿ, ವಿದ್ಯುತ್ತು, ಕೇಬಲ್ಲುಗಳನ್ನು ನೆಲದಡಿ ಕ್ರಮವಾಗಿ ಕೂರಿಸಿ, ಮೇಲೆ ಅಗಲವಾದ ಕಾಲುದಾರಿ ಮಾಡಿದರು. ಒಂದೊಂದು ಇಲಾಖೆ ಒಂದೊಂದು ತಿಂಗಳು ರಸ್ತೆ ಅಗೆಯುವ ನಮ್ಮ ಹಳೇ ರೋಗಕ್ಕೆ ಅದು ಮದ್ದಾಗಿತ್ತು. ಚರ್ಚ್ ಸ್ಟ್ರೀಟಿಗೆ ಕಲ್ಲುಹಾಸು ಬಂತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ವಾಹನಗಳನ್ನು ನಿಲ್ಲಿಸಿ ನೋಡಿದರು. ಜನ ಬೀದಿಯ ಮಧ್ಯೆ ನಡೆದರು, ಮಕ್ಕಳು ಓಡಿದರು. ಸರಿ. ಆದರೆ ಇಂಥ ರಸ್ತೆಗಳು ಊರಿನ ಶ್ರೀಮಂತ ಭಾಗದಲ್ಲೇ ಮೊದಲು ಏಕೆ ಆಗುತ್ತವೆ? ದಿನಕ್ಕೆ ಸಾವಿರಾರು ಹಮಾಲರು, ಹೂವಿನವರು, ಕೊಳ್ಳುವವರು ತಲೆಯ ಮೇಲೆ ಹೊರೆ ಹೊತ್ತು ನಡೆಯುವ ಕೆ.ಆರ್. ಮಾರುಕಟ್ಟೆಯ ಸುತ್ತ ಆ ಅಗಲ ಇನ್ನೂ ಹೆಚ್ಚು ಬೇಕಲ್ಲವೆ?

ಕಾಲುದಾರಿ ಎಂದಕೂಡಲೇ ಬೀದಿ ವ್ಯಾಪಾರಿಗಳ ಜಗಳ ಬರುತ್ತದೆ. ನಡೆಯಲು ಜಾಗವಿಲ್ಲ ಎನ್ನುವುದು ಒಬ್ಬರ ನ್ಯಾಯ, ಹೊಟ್ಟೆಪಾಡು ಎನ್ನುವುದು ಇನ್ನೊಬ್ಬರ ನ್ಯಾಯ. ಎರಡಕ್ಕೂ ದಾರಿ ಮಾಡುವ ಕಾನೂನು ನಮ್ಮಲ್ಲಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಊರಿನ ಜನಸಂಖ್ಯೆಯ ಶೇಕಡಾ 2.5ರವರೆಗಿನ ವ್ಯಾಪಾರಿಗಳಿಗೆ ಜಾಗ ಒದಗಿಸುವಂತೆ ಯೋಜನೆ ಮಾಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವ್ಯಾಪಾರ ನಡೆದುಬಂದ ಜಾಗವನ್ನು ಪಾರಂಪರಿಕ ಮಾರುಕಟ್ಟೆ ಎಂದು ಗುರುತಿಸಿ, ಅಲ್ಲಿನವರನ್ನು ಎಬ್ಬಿಸಬಾರದು. ಇಷ್ಟೆಲ್ಲ ಇದ್ದೂ, ಹೊಸ ರಸ್ತೆಯ ನಕ್ಷೆಯಲ್ಲಿ ಗಿಡಕ್ಕೆ ಗುಂಡಿ ಇರುತ್ತದೆ, ದೀಪದ ಕಂಬಕ್ಕೆ ಗುರುತು ಇರುತ್ತದೆ, ಸೊಪ್ಪಿನವಳ ಬುಟ್ಟಿಗೆ ಜಾಗ ಇರುವುದಿಲ್ಲ. ಕಲ್ಲುಹಾಸು ಮುಗಿದ ಮೇಲೆ ಅವಳು ಬಂದು ಕೂರುತ್ತಾಳೆ. ಆಗ ಅದು ಒತ್ತುವರಿ. ನಕ್ಷೆ ಬರೆಯುವ ದಿನವೇ ಅವಳಿಗೊಂದು ಚೌಕ, ನೀರಿನ ನಲ್ಲಿ, ಕಸದ ತೊಟ್ಟಿ ಬರೆದುಬಿಟ್ಟರೆ ಒತ್ತುವರಿಯ ಮಾತೇ ಬರುವುದಿಲ್ಲ.

ಮುಂದಿನದು ಮಕ್ಕಳು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯದ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ದೊಡ್ಡ ಕಂಪನಿಗೆ ಆ ನಿಯಮ ಅನ್ವಯಿಸುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಆರು ಜನ, ಪಕ್ಕದ ಪಾತ್ರೆ ಅಂಗಡಿಯಲ್ಲಿ ನಾಲ್ಕು ಜನ. ಇವರಿಗೆ ಕಾಯ್ದೆ ತಾಗುವುದೇ ಇಲ್ಲ. ಆದರೆ ಒಂದು ಬೀದಿಯ ಅಂಗಡಿಗಳನ್ನೆಲ್ಲ ಕೂಡಿಸಿದರೆ ನೂರಾರು ಜನ. ಅದಕ್ಕಾಗಿ ಲೆಕ್ಕ ಅಂಗಡಿಗಲ್ಲ, ಬೀದಿಗೆ ಇರಬೇಕು. ಒಂದು ಪೇಟೆಗೊಂದು ಶಿಶುಮನೆ, ಒಂದಷ್ಟು ಶೌಚಾಲಯ, ಕುಡಿಯುವ ನೀರು, ಮಧ್ಯಾಹ್ನ ಕಾಲುಚಾಚಲು ಒಂದು ವಿಶ್ರಾಂತಿ ಕೋಣೆ, ಇವನ್ನು ರಸ್ತೆ ಮತ್ತು ಚರಂಡಿಯ ಹಾಗೆ ಮೂಲಸೌಕರ್ಯ ಎಂದೇ ಎಣಿಸಬೇಕು. ಇಂದಿರಾ ಕ್ಯಾಂಟೀನು 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡಲು ಶುರುಮಾಡಿದಾಗ ಅದನ್ನು ಬಡವರ ಯೋಜನೆ ಎಂದೇ ನೋಡಿದೆವು. ಟೆಕ್ ಪಾರ್ಕಿನ ಗೇಟಿನ ಬಳಿ ಅದು ವ್ಯಾಪಾರ ಕೇಂದ್ರದ ಯಂತ್ರದ ಒಂದು ಭಾಗ. ಡೆಲಿವರಿ ಹುಡುಗ, ಚಾಲಕ, ಕಾವಲುಗಾರ ಹಸಿದಿದ್ದರೆ ಯಂತ್ರ ಓಡುವುದಿಲ್ಲ.

ಇನ್ನು ಹಳೆಯ ಕಟ್ಟಡಗಳು. ಇವನ್ನು ಚೆಂದಕ್ಕಾಗಿ ಉಳಿಸಬೇಕು ಎನ್ನುವವರು ಇದ್ದಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣುತ್ತದೆ. ಸಾಲ ತೀರಿದ ಹಳೆಯ ಕಟ್ಟಡದಲ್ಲಿ ಬಾಡಿಗೆ ಕಡಿಮೆ. ಹೊಸದಾಗಿ ಅಂಗಡಿ ಇಡುವವನು, ಗಡಿಯಾರ ರಿಪೇರಿಯವನು, ಸಣ್ಣ ಮುದ್ರಣಾಲಯದವನು ಅಲ್ಲೇ ಬದುಕಬಲ್ಲ. ಬಳೇಪೇಟೆಯಲ್ಲಿ ವಾದ್ಯ ಮಾರುವವರೂ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಮಾರುವವರೂ ಇಷ್ಟು ಕಾಲ ಉಳಿದದ್ದರ ಹಿಂದೆ ಈ ಲೆಕ್ಕವೂ ಇದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ವಾದದಲ್ಲಿ ಕಮಾನು, ಗಾರೆ, ಸುಣ್ಣದ ಮಾತು ಬಹಳ ಬಂತು. ಬಾಡಿಗೆಯ ಮಾತು ಕಡಿಮೆ. ಹೊಸ ಕಟ್ಟಡ ಎದ್ದರೆ ವೀಳ್ಯದೆಲೆಯವನು, ಕುಂಕುಮದ ಅಂಗಡಿಯವನು ಹೊಸ ಬಾಡಿಗೆ ಕೊಟ್ಟು ಒಳಬರಬಲ್ಲನೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತು.

ಹೊರದೇಶದ ಎರಡು ಪ್ರಯತ್ನ ಹೇಳುತ್ತೇನೆ. ವಿಯೆನ್ನಾ ನಗರದ ಅಂಚಿನಲ್ಲಿ ಹಳೆಯ ವಿಮಾನ ನಿಲ್ದಾಣವೊಂದಿತ್ತು, ಸುಮಾರು 240 ಹೆಕ್ಟೇರು. ಅಲ್ಲಿ ಜೇಷ್ಟಾಟ್ ಎಂಬ ಹೊಸ ಪಟ್ಟಣ ಏಳುತ್ತಿದೆ. ಮನೆ, ಕಚೇರಿ, ಕಾರ್ಯಾಗಾರ ಎಲ್ಲ ಕೂಡಿ. ಅಲ್ಲಿ ಮೆಟ್ರೊ ರೈಲು 2013ರಲ್ಲೇ ಬಂತು, ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ಬಂದವರು ಮೊದಲ ದಿನದಿಂದ ರೈಲು ಹತ್ತಿದರು, ಕಾರು ಕೊಳ್ಳುವ ಅಭ್ಯಾಸವೇ ಬೆಳೆಯಬೇಕಾಗಲಿಲ್ಲ. ನಮ್ಮ ಎಲೆಕ್ಟ್ರಾನಿಕ್ಸ್ ಸಿಟಿಗೆ ಮೆಟ್ರೊ ಬಂದದ್ದು 2025ರ ಆಗಸ್ಟಿನಲ್ಲಿ, ಕೆಲಸ ಶುರುವಾಗಿ ನಾಲ್ಕು ದಶಕ ಕಳೆದ ಮೇಲೆ. ಜೇಷ್ಟಾಟಿನಲ್ಲಿ ಇನ್ನೊಂದು ಉಪಾಯ ಮಾಡಿದರು. ಮುಖ್ಯ ಬೀದಿಯ ಅಂಗಡಿಗಳನ್ನು ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ. ಹೆಚ್ಚು ಬಾಡಿಗೆ ಕೊಡುವವನಿಗೆ ಕೊಟ್ಟು ಕೈತೊಳೆದುಕೊಳ್ಳದೆ, ಬೇಕರಿ, ಔಷಧದಂಗಡಿ, ಪುಸ್ತಕದಂಗಡಿ ಎಲ್ಲವೂ ಇರುವಂತೆ ಆರಿಸುತ್ತದೆ.

ಇನ್ನೊಂದು ಬಾರ್ಸಿಲೋನಾ. ಪೊಬ್ಲೆನೊ ಎಂಬ ಬಟ್ಟೆಗಿರಣಿಗಳ ಪ್ರದೇಶ ಪಾಳುಬಿದ್ದಿತ್ತು. 2000ನೇ ಇಸವಿಯಲ್ಲಿ ಸುಮಾರು 200 ಹೆಕ್ಟೇರಿಗೆ ಹೊಸ ನಿಯಮ ಬರೆದರು. ಮಾಲೀಕರು ಹೆಚ್ಚು ಎತ್ತರ ಕಟ್ಟಬಹುದು, ಆದರೆ ಪ್ರತಿಯಾಗಿ ನೆಲದ ಶೇಕಡಾ 30 ಭಾಗವನ್ನು ಉದ್ಯಾನ, ಸಾರ್ವಜನಿಕ ಸೌಲಭ್ಯ, ಸರ್ಕಾರಿ ನೆರವಿನ ಮನೆಗಳಿಗೆ ಬಿಟ್ಟುಕೊಡಬೇಕು. ಕೊಟ್ಟು ಪಡೆಯುವ ಈ ವ್ಯವಹಾರ ನ್ಯಾಯವಾಗಿಯೇ ಇತ್ತು. ಆದರೂ ಕಾನ್ ರಿಕಾರ್ಟ್ ಎಂಬ ಹಳೆಯ ಕಾರ್ಖಾನೆಯಲ್ಲಿದ್ದ ಸಣ್ಣ ಕಾರ್ಯಾಗಾರಗಳನ್ನು ಎಬ್ಬಿಸಹೊರಟಾಗ ನೆರೆಹೊರೆಯವರು ದೊಡ್ಡ ಚಳವಳಿಯನ್ನೇ ಮಾಡಬೇಕಾಯಿತು. ಒಳ್ಳೆಯ ನಿಯಮ ಇದ್ದಮಾತ್ರಕ್ಕೆ ಸಣ್ಣವರು ಉಳಿಯುವುದಿಲ್ಲ, ಅವರ ಹೆಸರು ಹಿಡಿದು ನಿಯಮ ಬರೆಯಬೇಕು ಎಂಬುದು ಅಲ್ಲಿನ ಪಾಠ.

ಈ ಪಾಠವನ್ನು ನಮ್ಮಲ್ಲಿ ಹೀಗೆ ತರಬಹುದು. ಒಂದು ನಿವೇಶನದಲ್ಲಿ ಅದರ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿಗೆ ಎಫ್‌ಎಆರ್ ಎನ್ನುತ್ತಾರೆ. ಅದನ್ನು ಹೆಚ್ಚಿಸಿಕೊಡುವುದು ಸರ್ಕಾರದ ಕೈಯಲ್ಲಿರುವ ದೊಡ್ಡ ವರ. ಮೆಟ್ರೊ ನಿಲ್ದಾಣದ ಬಳಿ ಆ ವರ ಬೇಡುವವನಿಗೆ ಷರತ್ತು ಹಾಕಬೇಕು. ನೆಲಮಹಡಿಯ ಬೀದಿ ಮುಖದಲ್ಲಿ ಕುರುಡು ಗೋಡೆ ಬೇಡ, ಸಣ್ಣ ಅಂಗಡಿಗಳಿರಲಿ. ಅವುಗಳಲ್ಲಿ ಒಂದಷ್ಟಕ್ಕೆ ಬಾಡಿಗೆಯ ಮಿತಿ ಇರಲಿ. ದೊಡ್ಡ ಆವರಣದ ನಡುವೆ ಸಾರ್ವಜನಿಕ ಓಣಿ ಇರಲಿ, ಸುತ್ತು ಹಾಕದೆ ಜನ ಹಾಯಲಿ. ಕಾವಲುಗಾರ, ನರ್ಸು, ಅಡುಗೆಯವರು ಕೊಡಬಲ್ಲ ಬಾಡಿಗೆಯ ಒಂದಷ್ಟು ಕೋಣೆಗಳನ್ನು ಅದೇ ಪ್ರದೇಶದಲ್ಲಿ ಕಟ್ಟಲಿ. ಕಾಲುವೆಯ ದಾರಿಯನ್ನು ಬಿಟ್ಟು ಕಟ್ಟಲಿ.

ಇದಕ್ಕೆ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ಇಂದಿರಾನಗರ, ಕೋರಮಂಗಲದ ನಿವಾಸಿಗಳನ್ನು ಕೇಳಿ. ಮನೆಯ ಪಕ್ಕ ಪಬ್ಬು ಬಂತು, ರಾತ್ರಿ ಒಂದರವರೆಗೆ ಸಂಗೀತ, ಗೇಟಿನ ಮುಂದೆ ಕಾರು. ಬೆರೆಸುವುದೆಂದರೆ ಇದೇ ಆದರೆ ನಮಗೆ ಬೇಡ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಬಾರದು. ಕೆಲಸವನ್ನು ಅದರ ಹೆಸರಿನಿಂದ ತಡೆಯುವ ಹಳೇ ಪದ್ಧತಿಗಿಂತ, ಅದು ಮಾಡುವ ಸದ್ದು, ಹೊಗೆ, ಕಸ, ವಾಹನದ ಒತ್ತಡ ಅಳೆದು ತಡೆಯುವುದು ಮೇಲು. ಶಿಶುಮನೆ, ದರ್ಜಿಯಂಗಡಿ, ವಾಚನಾಲಯ ಮನೆಗಳ ನಡುವೆ ಧಾರಾಳವಾಗಿ ಇರಲಿ. ಪಬ್ಬು, ಗೋದಾಮು ದೊಡ್ಡ ರಸ್ತೆಗೆ ಹೋಗಲಿ, ಲಾರಿ ಇಳಿಸುವ ಹೊತ್ತು ಗೊತ್ತಾಗಿರಲಿ. ನಿಯಮ ಮುರಿದರೆ ದಂಡ ನಿಜವಾಗಿ ಬೀಳಲಿ. ಮಿಶ್ರ ಬಳಕೆ ಎಂದರೆ ಲಂಗುಲಗಾಮಿಲ್ಲದ್ದು ಎಂದಲ್ಲ. ಅದಕ್ಕೆ ಇನ್ನೂ ಹೆಚ್ಚಿನ ಉಸ್ತುವಾರಿ ಬೇಕು.

ಈಗ ಅವಕಾಶವೂ ಕೂಡಿಬಂದಿದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, 2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳಾಗಿವೆ. ಹಳೆಯ ಪೇಟೆಯ ಜ್ಞಾನವನ್ನು ಹೊರವರ್ತುಲ ರಸ್ತೆಗೂ, ಟೆಂಡರ್‌ಶ್ಯೂರಿನ ಕಾಲುದಾರಿಯನ್ನು ಹಳೆಯ ಪೇಟೆಗೂ ಸಾಗಿಸುವ ಕೆಲಸ ಈ ಐದೂ ಪಾಲಿಕೆಗಳದ್ದು. ಬೆಂಗಳೂರಿಗಿಂತ ಹೆಚ್ಚಿನ ಅವಕಾಶ ಇರುವುದು ಹುಬ್ಬಳ್ಳಿ ಧಾರವಾಡ, ಮಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಗಳಿಗೆ. ಹುಬ್ಬಳ್ಳಿಯ ದುರ್ಗದಬೈಲು ಇನ್ನೂ ರಾತ್ರಿ ಊಟ ಹಾಕುತ್ತಿದೆ. ಮಂಗಳೂರಿನ ಬಂದರು ಬೀದಿಗಳಲ್ಲಿ ಮಂಡಿಯೂ ಮನೆಯೂ ಇನ್ನೂ ಪಕ್ಕಪಕ್ಕದಲ್ಲಿವೆ. ಆ ಊರುಗಳಲ್ಲಿ ಐಟಿ ಪಾರ್ಕಿಗೆ ಜಾಗ ಹುಡುಕುವಾಗ ಊರಾಚೆ ನೂರು ಎಕರೆ ಬೇಲಿ ಹಾಕುವ ಮೊದಲು, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಖಾಲಿ ಬಿದ್ದ ಹಳೆಯ ಗಿರಣಿ, ಗೋದಾಮು ಇದೆಯೇ ಎಂದು ಒಮ್ಮೆ ನೋಡಲಿ.

ಕೇಳುಗರೇ, ಇದೆಲ್ಲ ಅಧಿಕಾರಿಗಳ, ಎಂಜಿನಿಯರುಗಳ ವಿಷಯ ಎಂದು ರೇಡಿಯೊ ಆರಿಸಬೇಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಿಮ್ಮ ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮ್ಮದು. ಆ ನಕ್ಷೆಯಲ್ಲಿ ಕೆಂಪು ಎಂದರೆ ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆ, ನೀಲಿ ಎಂದರೆ ವಾಣಿಜ್ಯ, ಹಳದಿ ಎಂದರೆ ವಸತಿ, ಹೀಗೆ ಏನೇನೋ ಬಣ್ಣಗಳಿರುತ್ತವೆ. ಬಣ್ಣ ನೋಡಿ ಹೆದರಬೇಡಿ. ಅಲ್ಲಿಗೆ ಹೋಗಿ ಮೂರೇ ಪ್ರಶ್ನೆ ಬರೆದುಕೊಡಿ. ಈ ಜಾಗದಲ್ಲಿ ಸಂಜೆ ಏಳರ ಮೇಲೆ ಯಾರಿರುತ್ತಾರೆ? ಇಲ್ಲಿ ದಿನಗೂಲಿಯವರು ಉಣ್ಣುವುದೆಲ್ಲಿ, ಮಲಗುವುದೆಲ್ಲಿ, ಮಗುವನ್ನು ಬಿಡುವುದೆಲ್ಲಿ? ಮೊದಲ ಕಟ್ಟಡದ ಬೀಗ ತೆಗೆಯುವ ದಿನ ಬಸ್ಸು ಬಂದಿರುತ್ತದೆಯೆ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದ ಯಾವ ಯೋಜನೆಗೂ ಒಪ್ಪಿಗೆ ಸಿಗಬಾರದು. ನೂರು ಜನ ಕೇಳಿದರೆ ಕಡತದಲ್ಲಿ ಒಂದು ಟಿಪ್ಪಣಿ ಆದೀತು, ಹತ್ತು ಸಾವಿರ ಜನ ಕೇಳಿದರೆ ನಕ್ಷೆಯೇ ಬದಲಾದೀತು.